ಒಂದು ಆಟಿಕೆ, 280 ಟ್ರ್ಯಾಕ್ಟರ್ ಕಬ್ಬು

ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿಯಿಂದ ಮುಧೋಳಕ್ಕೆ ಹೊರಟು, ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡವರಿಗೆ ಭಾರ ಎಂದರೇನು ಎಂದು ವಿವರಿಸಬೇಕಿಲ್ಲ. ಉಬ್ಬಿನಲ್ಲಿ ಅದು ಏದುಸಿರು ಬಿಡುತ್ತದೆ, ಇಳಿಜಾರಿನಲ್ಲಿ ಅಚ್ಚು ನರಳುತ್ತದೆ. ಒಂದು ಟ್ರ್ಯಾಕ್ಟರಿಗೆ 20 ಟನ್ ಕಬ್ಬು ಎಂದು ಹಿಡಿಯಿರಿ. ಅಂಥವು 280 ಸಾಲಾಗಿ ನಿಂತಿವೆ ಎಂದುಕೊಳ್ಳಿ. ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ರಬ್ಬರ್ ಉಂಡೆ ಆರು ತಿಂಗಳಲ್ಲಿ ತಿನ್ನುವ ಒತ್ತಡವನ್ನೆಲ್ಲ ಕೂಡಿಸಿದರೆ ಆ ಸಾಲಿನ ತೂಕಕ್ಕೆ ಸಮನಾಗುತ್ತದೆ. ಅದಕ್ಕೆ ಮನೆಯಲ್ಲಿ ಅಗಿಯುವ ಚಟದ ಒಂದು ನಾಯಿ ಇದ್ದರೆ ಸಾಕು.

ಈ ಲೆಕ್ಕ ಗಾಳಿಯಲ್ಲಿ ಹುಟ್ಟಿದ್ದಲ್ಲ. 1995ರಲ್ಲಿ ಅಮೆರಿಕದ ಪಶುವೈದ್ಯರು 22 ಸಾಕುನಾಯಿಗಳಿಗೆ ಬಲ ಅಳೆಯುವ ಸಲಕರಣೆಯನ್ನು ಚರ್ಮದಲ್ಲಿ ಸುತ್ತಿ ಕೊಟ್ಟು ಕಚ್ಚಿಸಿದರು. ತೀರ ಮೆಲ್ಲಗಿನ ಕಡಿತ 13 ನ್ಯೂಟನ್, ಅಂದರೆ ಒಂದೂಕಾಲು ಕಿಲೋ ಚಿಲ್ಲರೆ. ಅತಿ ಜೋರಿನದು 1394 ನ್ಯೂಟನ್, ಅಂದರೆ 142 ಕಿಲೋ. ಮೂರು ಚೀಲ ಸಿಮೆಂಟಿಗೆ ಎಂಟು ಕಿಲೋ ಕಮ್ಮಿ. ಸರಾಸರಿ 256 ನ್ಯೂಟನ್, 26 ಕಿಲೋ. ಒಂದು ಹದವಾದ ಮುಧೋಳ ನಾಯಿಯ ಮೈತೂಕ ಹೆಚ್ಚುಕಡಿಮೆ ಇಷ್ಟೇ. ಈಗ ನಾಯಿ ದಿನಕ್ಕೆ ಇಪ್ಪತ್ತೇ ನಿಮಿಷ, ಸೆಕೆಂಡಿಗೆ ಒಂದು ಸಲದಂತೆ ಅಗಿಯುತ್ತದೆ ಎಂದಿಟ್ಟುಕೊಳ್ಳಿ: 1,200 ಕಡಿತ. ನೂರೆಂಬತ್ತು ದಿನಕ್ಕೆ 2,16,000. ಒಂದೊಂದಕ್ಕೆ 26 ಕಿಲೋ ಎಂದರೆ 56,16,000 ಕಿಲೋ, 5,616 ಟನ್. ಇಪ್ಪತ್ತು ಟನ್ನಿನಂತೆ ಭಾಗಿಸಿದರೆ ಟ್ರ್ಯಾಕ್ಟರ್ 280. ಮನೆಗೆ ತಂದ ಆಟಿಕೆ ಒಂದು ವಾರವೂ ಬಾಳಲಿಲ್ಲ ಎಂದು ನೊಂದುಕೊಳ್ಳುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು. ನನಗಂತೂ ಆಮೇಲೆ ನಾಯಿಯ ಮೇಲಿನ ಸಿಟ್ಟು ಇಳಿಯಿತು, ರಬ್ಬರಿನ ಮೇಲೆ ಗೌರವ ಬಂತು.

ಭಾರ ಎಷ್ಟು ಎನ್ನುವುದಕ್ಕಿಂತ ಅದು ಎಷ್ಟು ಜಾಗದಲ್ಲಿ ಬೀಳುತ್ತದೆ ಎನ್ನುವುದು ಇನ್ನೂ ಬೆರಗಿನ ಸಂಗತಿ. ಕೋರೆಹಲ್ಲಿನ ತುದಿ ಸಾಸಿವೆ ಕಾಳಿನಗಲ, ಎರಡು ಮಿಲಿಮೀಟರ್, ಎಂದುಕೊಳ್ಳೋಣ. 26 ಕಿಲೋ ಆ ಒಂದು ಸಾಸಿವೆಯಷ್ಟು ಜಾಗದ ಮೇಲೆ ಬಿದ್ದರೆ ಚದರ ಸೆಂಟಿಮೀಟರಿಗೆ 800 ಕಿಲೋ ದಾಟುತ್ತದೆ. ಕಾರಿನ ಟಾಯರಿನಲ್ಲಿ ನಾವು ತುಂಬಿಸುವ ಗಾಳಿಯ ಒತ್ತಡ ಅದೇ ಅಳತೆಯಲ್ಲಿ ಎರಡು ಕಿಲೋ ಚಿಲ್ಲರೆ. ಮುನ್ನೂರೈವತ್ತು ಪಟ್ಟಿಗೂ ಹೆಚ್ಚು! ಮೆತ್ತನೆಯ ಬೊಂಬೆಯ ಬಟ್ಟೆ ಇದರ ಮುಂದೆ ನಿಲ್ಲಬೇಕೆಂದು ಬಯಸುವುದೇ ಅನ್ಯಾಯ.

ಮುಧೋಳದ ಸುತ್ತ ನೂರಾರು ಮನೆಗಳು ಮುಧೋಳ ತಳಿಯ ಬೇಟೆನಾಯಿಯನ್ನು ಸಾಕಿ, ಮರಿ ಮಾರಿ ಬದುಕು ಸಾಗಿಸುತ್ತವೆ. ಇಲ್ಲಿ ಆಳಿದ ಘೋರ್ಪಡೆ ಮನೆತನದ ರಾಜಾ ಮಾಲೋಜಿರಾವ್ ತಳಿಯನ್ನು ಕಾಪಾಡಿ ಬೆಳೆಸಿದ್ದು, ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಗೆ ಜೋಡಿ ನಾಯಿ ಕಾಣಿಕೆ ಹೋದದ್ದು, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದದ್ದು, ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇರುವುದು, ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದದ್ದು ಇಲ್ಲಿನ ಶಾಲೆ ಮಕ್ಕಳಿಗೂ ಗೊತ್ತು. ಯಾರೂ ಅಷ್ಟಾಗಿ ಹೇಳದ ಸಂಗತಿ ಮರಿಯ ಬಾಯಿಯೊಳಗಿದೆ.

ಹುಟ್ಟಿದಾಗ ಮರಿಯ ಬಾಯಲ್ಲಿ ಒಂದೂ ಹಲ್ಲಿಲ್ಲ. ಎರಡು ತಿಂಗಳು ತುಂಬುವ ಹೊತ್ತಿಗೆ ಸೂಜಿಯಂಥ 28 ಹಾಲುಹಲ್ಲು ಬಂದಿರುತ್ತವೆ. ನಾಲ್ಕನೆಯ ತಿಂಗಳಿನಿಂದ ಅವು ಬಿದ್ದು, ಏಳು ತಿಂಗಳಾಗುವಷ್ಟರಲ್ಲಿ ಮೇಲೆ 20, ಕೆಳಗೆ 22, ಒಟ್ಟು 42 ಹಲ್ಲು ನೆಲೆಯಾಗುತ್ತವೆ. ಸುಮಾರು ತೊಂಬತ್ತು ದಿನದಲ್ಲಿ 42 ಎಂದರೆ ಎರಡು ದಿನಕ್ಕೊಂದು ಹಲ್ಲು ಒಸಡು ಸೀಳಿಕೊಂಡು ಬರುತ್ತದೆ. ನಮ್ಮ ಮಕ್ಕಳಿಗೆ ಇದೇ ಕೆಲಸಕ್ಕೆ ಆರು ವರ್ಷಕ್ಕೂ ಮಿಕ್ಕಿ ಬೇಕು. ಒಂದೇ ಸೂಲಿನ ಆರು ಮರಿಗಳಿದ್ದರೆ ಒಂದು ಅಂಗಳದಲ್ಲಿ 168 ಹಲ್ಲು ಹೋಗಿ 252 ಹಲ್ಲು ಬರುತ್ತವೆ. ಅಷ್ಟು ಹಲ್ಲು ಬಿದ್ದರೂ ನೆಲದಲ್ಲಿ ಸಿಗುವುದು ಬೆರಳೆಣಿಕೆ. ಉಳಿದವನ್ನು ಮರಿಗಳು ಅನ್ನದ ಜೊತೆ ನುಂಗಿಬಿಟ್ಟಿರುತ್ತವೆ. ಚಪ್ಪಲಿ, ಮಂಚದ ಕಾಲು, ದನದ ಕಣ್ಣಿ, ಪುಂಡಿನಾರಿನ ಹಗ್ಗ, ಹೊಸ ಬಾರಕೋಲು, ಏನು ಸಿಕ್ಕರೂ ಬಾಯಿಗೆ ಹೋಗುವುದು ಈ ತೊಂಬತ್ತು ದಿನಗಳಲ್ಲೇ ಹೆಚ್ಚು. "ಏನ್ ಕೊಟ್ರೂ ಉಳಸೂದಿಲ್ರೀ ಇದು" ಎಂದು ಸಾಕಿದವರು ಹೇಳುವಾಗ ಆ ಮರಿಯ ಒಸಡು ಉರಿಯುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಒದ್ದೆ ಮಾಡಿ ಹಿಂಡಿ, ಗಂಟು ಹಾಕಿ, ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾಗಿಸಿದ ದಪ್ಪ ಟವೆಲ್ಲು, ನೀವು ಪಕ್ಕದಲ್ಲೇ ಕೂತು ಕೊಟ್ಟರೆ, ಆಗ ಯಾವ ದುಬಾರಿ ಆಟಿಕೆಗೂ ಕಡಿಮೆಯಲ್ಲ.

ಹಾಗಾದರೆ ಗಟ್ಟಿಮುಟ್ಟಾದದ್ದನ್ನೇ ಕೊಟ್ಟರಾಯಿತಲ್ಲ ಎನಿಸುತ್ತದೆ. ಎಮ್ಮೆಯ ಕೊಂಬು, ದನದ ಗೊರಸು, ಮೂಳೆ. ಇಲ್ಲಿಯೇ ಹಲ್ಲಿನ ಇನ್ನೊಂದು ಅಂಕಿ ಕಣ್ತೆರೆಸುತ್ತದೆ. ಮನುಷ್ಯನ ದವಡೆಹಲ್ಲಿನ ಬಿಳಿ ಕವಚ ದಪ್ಪವಿದ್ದೆಡೆ ಎರಡೂವರೆ ಮಿಲಿಮೀಟರಿನವರೆಗೂ ಇರುತ್ತದೆ. ನಾಯಿಯದು ಒಂದು ಮಿಲಿಮೀಟರೂ ಇಲ್ಲ. ಅಷ್ಟು ತೆಳುವಾದ ಕವಚ, ಅಷ್ಟು ಜೋರಿನ ದವಡೆ! ಅಗಿಯುವ ವಸ್ತು ಬಗ್ಗದಿದ್ದರೆ ಹಲ್ಲು ಬಗ್ಗಬೇಕು. ಹಲ್ಲಿಗೆ ಬಗ್ಗಲು ಬರುವುದಿಲ್ಲ, ಚಕ್ಕೆ ಏಳುತ್ತದೆ. ಮೇಲ್ದವಡೆಯ ನಾಲ್ಕನೆಯ ಮುಂದವಡೆ ಹಲ್ಲು ಹೀಗೆ ಸೀಳುವುದನ್ನು ಪಶುವೈದ್ಯರು ಮತ್ತೆಮತ್ತೆ ನೋಡುತ್ತಾರೆ. ಅದಕ್ಕೇ ಅವರು ಹೇಳುವ ಸರಳ ಪರೀಕ್ಷೆ: ಹೆಬ್ಬೆರಳ ಉಗುರು ಒತ್ತಿದರೆ ಗುರುತು ಬೀಳಬೇಕು. ಬೀಳದಿದ್ದರೆ ಅದು ನಾಯಿಯ ಬಾಯಿಗೆ ಬೇಡ. ಬಾಳಿಕೆಯ ಆಟಿಕೆ ಎಂದರೆ ಕಲ್ಲಿನಂಥದ್ದಲ್ಲ. ಒತ್ತಿದಾಗ ಒಳಸರಿದು, ಬಿಟ್ಟಾಗ ಮೊದಲಿನಂತಾಗುವಂಥದ್ದು.

ಇದನ್ನು ಕಲಿಸಿದ್ದೂ ಒಂದು ನಾಯಿಯೇ. 1970ರ ದಶಕದಲ್ಲಿ ಅಮೆರಿಕದ ಕೊಲರಾಡೊದಲ್ಲಿ ಜೋ ಮಾರ್ಕಮ್ ಎಂಬವರ ಜರ್ಮನ್ ಶೆಫರ್ಡ್, ಹೆಸರು ಫ್ರಿಟ್ಜ್, ಕಲ್ಲು ಅಗಿದು ಹಲ್ಲು ಹಾಳುಮಾಡಿಕೊಳ್ಳುತ್ತಿತ್ತು. ಅವರು ಫೋಕ್ಸ್‌ವ್ಯಾಗನ್ ವ್ಯಾನಿನ ರಿಪೇರಿಯಲ್ಲಿದ್ದಾಗ ಬಿಚ್ಚಿದ ಸಸ್ಪೆನ್ಷನ್ನಿನ ರಬ್ಬರ್ ತುಂಡೊಂದು ನಾಯಿಗೆ ಸಿಕ್ಕಿತು. ಅದು ಕಲ್ಲನ್ನು ಬಿಟ್ಟು ಇದನ್ನೇ ಹಿಡಿಯಿತು. ವಾಹನದ ಭಾರವನ್ನು ಲಕ್ಷ ಸಲ ಹೊತ್ತು ಮೇಲೇಳಲೆಂದೇ ಎರಕ ಹೊಯ್ದ ರಬ್ಬರ್ ಅದು; ಮೂರು ಬುಗುಟುಗಳ ಆ ಆಕಾರದಿಂದಲೇ 1976ರಲ್ಲಿ ಕಾಂಗ್ ಎಂಬ ಆಟಿಕೆ ಬಂತು. ನಮ್ಮ 280 ಟ್ರ್ಯಾಕ್ಟರಿನ ಲೆಕ್ಕಕ್ಕೆ ಇದಕ್ಕಿಂತ ಸರಿಯಾದ ಉತ್ತರ ಸಿಗಲಾರದು. ಇಲ್ಲಿ ಎಷ್ಟೋ ಮನೆಗಳಲ್ಲಿ ಹಳೆ ಟಾಯರ್ ಕತ್ತರಿಸಿ ಕೊಡುತ್ತಾರೆ. ಯೋಚನೆ ಅದೇ ದಾರಿಯದು, ಆದರೆ ಟಾಯರಿನ ಅಂಚಿನೊಳಗೆ ಉಕ್ಕಿನ ತಂತಿ ಇರುತ್ತದೆ. ಅದು ಬೇಡ.

ಗಾತ್ರದ ಮಾತು ಬಾಕಿ ಇದೆ, ಮತ್ತು ನನ್ನ ಮಟ್ಟಿಗೆ ಅದೇ ಮುಖ್ಯ. ಅಡಕೊತ್ತನ್ನು ನೆನೆಸಿಕೊಳ್ಳಿ. ಅಡಿಕೆಯನ್ನು ತುದಿಯಲ್ಲಿಟ್ಟರೆ ಜಾರುತ್ತದೆ, ಕೀಲಿನ ಹತ್ತಿರ ಇಟ್ಟರೆ ಒಡೆಯುತ್ತದೆ. ನಾಯಿಯ ದವಡೆಯೂ ಹಾಗೆಯೇ: ಕೀಲಿಗೆ ಹತ್ತಿರ, ಬಾಯಿಯ ಮೂಲೆಯಲ್ಲಿ, ಕತ್ತರಿಯಂತೆ ಒಂದರ ಮೇಲೊಂದು ಜಾರುವ ಹಲ್ಲುಗಳಿವೆ. ನಾಯಿ ತಲೆ ಓರೆ ಮಾಡಿ ಅಗಿಯುವುದು ಅಲ್ಲಿಗೆ ತಳ್ಳಲಿಕ್ಕೆಂದೇ. ಅಲ್ಲಿಗೆ ತಲುಪದಷ್ಟು ದೊಡ್ಡದಾದ ದುಂಡನೆಯ ವಸ್ತು ಬಾಳುತ್ತದೆ. ಮೂಲೆ, ಕಿವಿ, ಬಾಲ, ಅಂಚು ಇರುವುದು ಮೊದಲ ದಿನವೇ ಸೋಲುತ್ತದೆ. ಒಂದು ಸಲ ಸೀಳು ಬಿತ್ತೆಂದರೆ ಮುಂದಿನ ಕೆಲಸ ಹಲ್ಲಿನದಲ್ಲ, ಸೀಳಿನದೇ. ಆದರೆ ದೊಡ್ಡದು ಎನ್ನುವುದಕ್ಕೆ ಬೆಲೆಯಿದೆ. ಐದು ಸೆಂಟಿಮೀಟರ್ ಅಡ್ಡಳತೆಯ ಗಟ್ಟಿ ರಬ್ಬರ್ ಚೆಂಡು ಸುಮಾರು 70 ಗ್ರಾಮ್. ಹತ್ತು ಸೆಂಟಿಮೀಟರಿನದು ಅದರ ಎಂಟು ಪಟ್ಟು, ಅರ್ಧ ಕಿಲೋ ಮೀರುತ್ತದೆ. ಅಡ್ಡಳತೆ ಎರಡರಷ್ಟು, ರಬ್ಬರ್ ಎಂಟರಷ್ಟು. ಅಂಗಡಿಯಲ್ಲಿ ದೊಡ್ಡ ಆಟಿಕೆಯ ಬೆಲೆ ಕಂಡು ಬೆಚ್ಚುವ ಮುನ್ನ ಈ ಎಂಟನ್ನು ನೆನೆಯಬೇಕು. ಮುಧೋಳ ನಾಯಿಯ ಮೂತಿ ಉದ್ದ, ಸಪೂರ. ಪೂರ್ತಿ ಬಾಯೊಳಗೆ ಹೋಗುವ ಚೆಂಡು ಗಂಟಲಿಗೂ ಹೋಗಬಲ್ಲದು.

ರಬಕವಿ-ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ಬೇರೊಂದು ಬಗೆಯ ಅಪಾಯ ಬಿದ್ದಿರುತ್ತದೆ: ನೂಲಿನ ವೇಸ್ಟ್. ಅದನ್ನು ಹುರಿಮಾಡಿ ಗಂಟು ಹಾಕಿದರೆ ಒಳ್ಳೆಯ ಆಟಿಕೆಯಾಗುತ್ತದೆ ಎಂದು ತೋರುವುದು ಸಹಜ. ನೇಕಾರರ ಲೆಕ್ಕವನ್ನೇ ಕೇಳಿ. 840 ಗಜದ ಲಡಿ 60 ಸೇರಿ ಒಂದು ಪೌಂಡ್ ತೂಗಿದರೆ ಅದು 60 ಕೌಂಟ್ ನೂಲು. ಒಂದು ಕಿಲೋಗೆ ಲೆಕ್ಕ ಹಾಕಿದರೆ ಎಳೆಯ ಉದ್ದ ನೂರೊಂದು ಕಿಲೋಮೀಟರ್ ದಾಟುತ್ತದೆ. ಜಮಖಂಡಿಯಲ್ಲಿ ಎಳೆ ಹಿಡಿದು ಹೊರಟರೆ ವಿಜಯಪುರ ಹಿಂದೆ ಬಿದ್ದರೂ ಕಂಡಿಕೆ ಮುಗಿದಿರುವುದಿಲ್ಲ. 20 ಕೌಂಟಿನ ದಪ್ಪ ನೂಲಿನದೇ 300 ಗ್ರಾಮಿನ ಹಗ್ಗದ ಆಟಿಕೆ ಎಂದರೂ ಒಳಗೆ ಹತ್ತು ಕಿಲೋಮೀಟರ್ ಎಳೆ. ನಾಯಿಯ ಕರುಳು ಬಿಚ್ಚಿದರೆ ಕೆಲವೇ ಮೀಟರ್. ಒಂದು ಎಳೆ ನಾಲಿಗೆಯ ಬುಡಕ್ಕೋ ಜಠರದ ಬಾಯಿಗೋ ಸಿಕ್ಕಿಕೊಂಡು, ಇನ್ನೊಂದು ತುದಿ ಕರುಳಿಗಿಳಿದರೆ, ಕರುಳು ಅದನ್ನು ಮುಂದೆ ತಳ್ಳಲು ಹೆಣಗುತ್ತ ನೆರಿಗೆ ನೆರಿಗೆಯಾಗಿ ಸೇರುತ್ತದೆ, ಎಳೆ ಗರಗಸದಂತೆ ಕೊಯ್ಯುತ್ತದೆ. ಹಗ್ಗವನ್ನು ಇಬ್ಬರೂ ಹಿಡಿದು ಎಳೆದಾಡಿ. ಆಟ ಮುಗಿದ ಮೇಲೆ ಗೂಟಕ್ಕೆ ಎತ್ತಿಡಿ.

ಹೊಲದ ಕಡೆಯದೂ ಇದೆ. ಕಾಳು ಬಿಡಿಸಿದ ಗೋವಿನಜೋಳದ ಬೆಂಡನ್ನು ನಾಯಿಗೆ ಎಸೆಯುವವರಿದ್ದಾರೆ. ಅದು ಅರಗುವುದಿಲ್ಲ, ಕರುಳಿನಲ್ಲಿ ಬೆಣೆಯಂತೆ ಕೂರುತ್ತದೆ. ಕಬ್ಬಿನ ಗಣಿಕೆ ಕೊಟ್ಟರೆ ನಾಯಿ ಖುಷಿಯಿಂದ ಸೀಳುತ್ತದೆ, ಸಿಬಿರು ಒಸಡಿಗೆ ನಾಟುತ್ತದೆ. ಇನ್ನು ಮರದ ಆಟಿಕೆ. 2020ರ ಆಗಸ್ಟ್ 30ರ 'ಮನ್ ಕೀ ಬಾತ್'ನಲ್ಲಿ ಪ್ರಧಾನಿ ಚನ್ನಪಟ್ಟಣದ ಆಟಿಕೆಯನ್ನೂ ಮುಧೋಳದ ನಾಯಿಯನ್ನೂ ಒಂದೇ ದಿನ ಹೆಸರಿಸಿದರು. ನಮ್ಮ ನಾಡಿನ ಎರಡು ಹೆಮ್ಮೆಗಳು, ಆದರೆ ಒಂದರ ಬಾಯಿಗೆ ಇನ್ನೊಂದನ್ನು ಕೊಡಬೇಡಿ. ಆ ಆಟಿಕೆ ಮಾಡುವ ಆಲೆ ಮರ ಮೃದು, ಹಲ್ಲಿಗೆ ಸಿಕ್ಕರೆ ಚೂರಾಗುತ್ತದೆ.

ಟೊಳ್ಳು ರಬ್ಬರಿನ ಆಟಿಕೆಯೊಳಗೆ ನುಚ್ಚು, ಮೊಸರು, ಮುರಿದ ಜೋಳದ ರೊಟ್ಟಿ ಮೆತ್ತಿ ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ ಕೊಟ್ಟರೆ ನಾಯಿ ಕಡಿಯುವುದಕ್ಕಿಂತ ಹೆಚ್ಚಾಗಿ ನೆಕ್ಕುತ್ತದೆ. ಕಡಿತ ಅರ್ಧಕ್ಕಿಳಿದರೆ ಟ್ರ್ಯಾಕ್ಟರುಗಳೂ 140ಕ್ಕಿಳಿಯುತ್ತವೆ. ನಮ್ಮ ಕಡೆ ಮನೆಯಲ್ಲೇ ಇರುವ ಒಣದ್ರಾಕ್ಷಿಯನ್ನು ಮಾತ್ರ ಅದಕ್ಕೆ ಸೇರಿಸಬಾರದು. ನಾಯಿಯ ಮೂತ್ರಪಿಂಡಕ್ಕೆ ಅದು ವಿಷ. ಇನ್ನು ಓಟ. ಬೀಳಗಿಯ ಬಯಲಲ್ಲಿ ಮೊಲದ ಬೆನ್ನು ಹತ್ತಿ ಬಂದ ನಾಯಿ ಸಂಜೆ ಏನನ್ನೂ ಕಡಿಯದೆ ಮಲಗುತ್ತಿತ್ತು. ಅದೇ ರಕ್ತದ ಮರಿ ಊರಿನ ಎರಡನೆಯ ಮಹಡಿಯಲ್ಲಿ ಹತ್ತು ತಾಸು ಒಂಟಿಯಾಗಿದ್ದರೆ ಸೋಫಾ ಉಳಿಯಬೇಕೆಂದು ಯಾವ ನ್ಯಾಯದಿಂದ ಕೇಳುವುದು?

ನಮ್ಮ ಮನೆಯಲ್ಲಿ ಈಗ ಪ್ರತಿ ಭಾನುವಾರ ಆಟಿಕೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತೇವೆ. ತಂದ ದಿನ 312 ಗ್ರಾಮ್ ಇತ್ತು. ಎಂಟು ವಾರ 312ರಲ್ಲೇ ನಿಂತಿತ್ತು. ಒಂಬತ್ತನೆಯ ಭಾನುವಾರ 297. ಅಡಿಯಂಚಿನಲ್ಲಿ ಉಗುರಿನಷ್ಟು ಸೀಳು. ಕಸ ಗುಡಿಸಿ, ಚಾಪೆ ಕೊಡವಿ, ಕಪ್ಪು ಚೂರುಗಳನ್ನೆಲ್ಲ ಆಯ್ದು ತಕ್ಕಡಿಗೆ ಹಾಕಿದಾಗ 11 ಗ್ರಾಮ್ ಸಿಕ್ಕಿತು. ಉಳಿದ ನಾಲ್ಕು ಗ್ರಾಮ್ ಎಲ್ಲಿದೆ ಎಂದು ಕೇಳಬೇಕಿರಲಿಲ್ಲ. ಎರಡು ದಿನ ನಾಯಿ ಉಣ್ಣುವುದನ್ನು, ನೀರು ಕುಡಿಯುವುದನ್ನು, ಮಲಗಿ ಏಳುವುದನ್ನು ಮನೆಯವರೆಲ್ಲ ಕಾದು ನೋಡಿದೆವು. ಮೂರನೆಯ ಬೆಳಿಗ್ಗೆ ಕೆನಾಲ್ ದಂಡೆಯ ಮೇಲೆ ಅದು ಕೂತು ಎದ್ದ ಜಾಗದಲ್ಲಿ ಆ ಕಪ್ಪು ಚೂರುಗಳನ್ನು ಕಡ್ಡಿಯಿಂದ ಕೆದರಿ ಎಣಿಸಿದೆ. ಏಳು. ಅಷ್ಟರಲ್ಲಿ ನಾಯಿ ಕಬ್ಬಿನ ಸಾಲು ದಾಟಿ ಬಲುದೂರ ಓಡಿತ್ತು.