ಅನುಮಾನ ಬಂದರೆ ಸಾಕು, ತಿಳಿಸಿ

ಮುಟ್ಟಿನ ಹೊಟ್ಟೆನೋವು, ಹಲ್ಲುನೋವು, ಮೈಕೈ ನೋವು ಬಂದಾಗ ಜನ ಮೆಡಿಕಲ್ ಸ್ಟೋರ್‌ನಲ್ಲಿ ಹೆಸರು ಹೇಳಿಯೇ ಕೇಳಿ ಪಡೆಯುವ ಮಾತ್ರೆಗಳಲ್ಲಿ ಮೆಫೆನಾಮಿಕ್ ಆಸಿಡ್ ಕೂಡ ಒಂದು. ಮೆಫ್ಟಾಲ್ ಎಂದರೆ ಬೇಗ ಗುರುತು ಸಿಗುತ್ತದೆ. ದಶಕಗಳಿಂದ ಬಳಕೆಯಲ್ಲಿರುವ ಈ ಔಷಧದ ಬಗ್ಗೆ 2023ರ ನವೆಂಬರ್ ಕೊನೆಯಲ್ಲಿ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಒಂದು ಎಚ್ಚರಿಕೆ ಹೊರಡಿಸಿತು. ಅಪರೂಪಕ್ಕೆ ಕೆಲವರಲ್ಲಿ ಈ ಮಾತ್ರೆಯಿಂದ ‘ಡ್ರೆಸ್’ ಎಂಬ ತೀವ್ರ ಅಲರ್ಜಿ ಕಾಣಿಸಿಕೊಳ್ಳಬಹುದು. ಮೈಮೇಲೆ ದದ್ದು ಏಳುತ್ತದೆ, ಜ್ವರ ಬರುತ್ತದೆ, ಕತ್ತು ಕಂಕುಳಿನ ಗ್ರಂಥಿಗಳು ಊದಿಕೊಳ್ಳುತ್ತವೆ, ಲಿವರ್‌ಗೂ ಪೆಟ್ಟು ಬೀಳಬಹುದು. ಮಾತ್ರೆ ಶುರು ಮಾಡಿ ಎರಡರಿಂದ ಎಂಟು ವಾರಗಳ ಮೇಲೆ ಇದೆಲ್ಲ ಕಾಣಿಸಿಕೊಳ್ಳುವುದರಿಂದ, ತಿಂದ ಮಾತ್ರೆಗೂ ಎದ್ದ ದದ್ದಿಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಕೆಲವರು ಇದನ್ನು ಔಷಧದ ನಿಷೇಧ ಎಂದೇ ಭಾವಿಸಿ ಗಾಬರಿಯಾದರು. ನಿಷೇಧವೇನೂ ಆಗಿರಲಿಲ್ಲ. ದೇಶದ ಆಸ್ಪತ್ರೆಗಳಿಂದ ಬಂದ ವರದಿಗಳನ್ನು ಜೋಡಿಸಿ ನೋಡಿದಾಗ ಒಂದೇ ಬಗೆಯ ತೊಂದರೆ ಮತ್ತೆ ಮತ್ತೆ ಕಂಡಿತ್ತು. ವೈದ್ಯರು ಮತ್ತು ರೋಗಿಗಳು ಅದರ ಮೇಲೆ ಕಣ್ಣಿಡಲಿ ಎಂಬುದಷ್ಟೇ ಆ ಸೂಚನೆಯ ಉದ್ದೇಶ.

ಇಷ್ಟು ಹಳೆಯ ಔಷಧದ ಗುಣದೋಷ ಮಾರುಕಟ್ಟೆಗೆ ಬರುವ ಮೊದಲೇ ಗೊತ್ತಿರಬೇಕಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಹೊಸ ಔಷಧವೊಂದನ್ನು ಮಾರಾಟಕ್ಕೆ ಮೊದಲು ಸಾಮಾನ್ಯವಾಗಿ ಕೆಲವು ನೂರರಿಂದ ಕೆಲವು ಸಾವಿರ ಜನರ ಮೇಲೆ ಪ್ರಯೋಗಿಸಿ ನೋಡುತ್ತಾರೆ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುವ ತೊಂದರೆ ಒಂದು ಸಲವಾದರೂ ಕಣ್ಣಿಗೆ ಬೀಳಬೇಕಾದರೆ ಸುಮಾರು 30,000 ಜನರಿಗೆ ಔಷಧ ಕೊಟ್ಟು ನೋಡಬೇಕು. ಆಗಲೂ ಅದು ಕಾಣಿಸೀತು ಎಂಬ ಭರವಸೆ ಶೇ 95ರಷ್ಟೇ. ಜೊತೆಗೆ, ಪ್ರಯೋಗಕ್ಕೆ ಸೇರಿಸಿಕೊಳ್ಳುವವರನ್ನು ಆರಿಸಿ ತೆಗೆದಿರುತ್ತಾರೆ. ಬಸುರಿಯರು, ಎಂಬತ್ತು ದಾಟಿದವರು, ಕಿಡ್ನಿ ತೊಂದರೆ ಇರುವವರು, ಬಿಪಿ–ಶುಗರ್‌ಗೆಂದು ದಿನಕ್ಕೆ ಆರೇಳು ಮಾತ್ರೆ ನುಂಗುವವರು ಅಲ್ಲಿ ಹೆಚ್ಚಾಗಿ ಇರುವುದೇ ಇಲ್ಲ. ಔಷಧ ಅಂಗಡಿಗೆ ಬಂದ ಮೇಲೆ ತಿನ್ನುವವರಲ್ಲಿ ಇವರೂ ಇರುತ್ತಾರೆ.

ಹಾಗಾಗಿ ಮಾರಾಟ ಶುರುವಾದ ಮೇಲೂ ಔಷಧದ ಮೇಲೆ ಕಣ್ಣಿಡಬೇಕು. ಈ ನಿಗಾ ವ್ಯವಸ್ಥೆ ಹುಟ್ಟಿದ್ದು ಒಂದು ದುರಂತದಿಂದ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ದೆಯ ಮಾತ್ರೆಯಾಗಿ ಬಂದ ಥಾಲಿಡೊಮೈಡ್ ಅನ್ನು ಬಸುರಿಯರು ವಾಕರಿಕೆಗೂ ತೆಗೆದುಕೊಂಡರು. ಕೈಕಾಲು ಸರಿಯಾಗಿ ಬೆಳೆಯದ ಕೂಸುಗಳು ಹುಟ್ಟತೊಡಗಿದವು. ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆನ್ಜ್ ಮತ್ತು ಸಿಡ್ನಿಯ ಹೆರಿಗೆ ತಜ್ಞ ವಿಲಿಯಂ ಮೆಕ್‌ಬ್ರೈಡ್ 1961ರಲ್ಲಿ ಬೇರೆ ಬೇರೆಯಾಗಿಯೇ ಈ ಮಾತ್ರೆಯತ್ತ ಬೆರಳು ತೋರಿಸಿದರು. ಆ ವರ್ಷದ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಮಾರಾಟ ನಿಂತಿತು. ಅಷ್ಟರೊಳಗೆ ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಹಾನಿಯಾಗಿತ್ತು. ಬ್ರಿಟನ್ 1964ರಲ್ಲಿ ವೈದ್ಯರಿಗೆ ಹಳದಿ ಕಾರ್ಡು ಹಂಚಿ ಅನುಮಾನ ಬಂದರೆ ಬರೆದು ಕಳಿಸಿ ಎಂದಿತು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು. ಅದರ ವರದಿಗಳೆಲ್ಲ ಈಗ ಸ್ವೀಡನ್ನಿನ ಉಪ್ಸಾಲಾ ನಗರಕ್ಕೆ ಹೋಗುತ್ತವೆ. ಭಾರತದ ಈಗಿನ ಕಾರ್ಯಕ್ರಮ 2010ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಆರಂಭವಾಗಿ ಮರುವರ್ಷ ಗಾಜಿಯಾಬಾದಿಗೆ ಬಂತು.

ವರದಿಯೊಂದು ಬಂದ ಮೇಲೆ ಏನಾಗುತ್ತದೆ ಎಂಬುದಕ್ಕೆ ರೋಟಾಶೀಲ್ಡ್ ಲಸಿಕೆಯ ಕಥೆ ನೋಡಬೇಕು. ಹಸುಳೆಗಳನ್ನು ಕಾಡುವ ರೋಟಾವೈರಸ್ ಭೇದಿಯನ್ನು ತಡೆಯಲು ಅಮೆರಿಕ 1998ರ ಆಗಸ್ಟ್‌ನಲ್ಲಿ ಈ ಬಾಯಿ ಲಸಿಕೆಗೆ ಒಪ್ಪಿಗೆ ಕೊಟ್ಟಿತು. ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಂಡು ಸಿಕ್ಕಿಹಾಕಿಕೊಳ್ಳುವ ತೊಂದರೆಯೊಂದಿದೆ. ವೈದ್ಯರು ಇದನ್ನು ಇಂಟಸಸೆಪ್ಷನ್ ಎನ್ನುತ್ತಾರೆ. ಪ್ರಯೋಗಗಳಲ್ಲಿ ಲಸಿಕೆ ಪಡೆದ ಸುಮಾರು ಹತ್ತು ಸಾವಿರ ಮಕ್ಕಳಲ್ಲಿ ಐವರಿಗೆ ಇದು ಆಗಿತ್ತು. ಪಡೆಯದ ಗುಂಪಿನಲ್ಲಿ ಒಂದು ಮಗುವಿಗೆ. ಅಷ್ಟು ಸಣ್ಣ ಸಂಖ್ಯೆಯಿಂದ ಯಾವ ತೀರ್ಮಾನಕ್ಕೂ ಬರುವಂತಿರಲಿಲ್ಲ. ಆದರೂ ಅದನ್ನು ಲಸಿಕೆಯ ಮಾಹಿತಿ ಪತ್ರದಲ್ಲಿ ನಮೂದಿಸಿ, ನಿಗಾ ಇಡಿ ಎಂದಿದ್ದರು. 1999ರ ಜುಲೈ ಆರಂಭಕ್ಕೆ ಅಮೆರಿಕದ ಲಸಿಕೆ ವರದಿ ವ್ಯವಸ್ಥೆಗೆ ಇಂಥ 15 ಪ್ರಕರಣಗಳು ಬಂದಿದ್ದವು. ಅದೇ ತಿಂಗಳು ಲಸಿಕೆ ನಿಲ್ಲಿಸಲು ಸೂಚನೆ ಹೋಯಿತು. ಅಕ್ಟೋಬರ್‌ನಲ್ಲಿ ಕಂಪನಿಯೇ ಅದನ್ನು ಹಿಂದಕ್ಕೆ ಪಡೆಯಿತು. ಅಪಾಯ ಸುಮಾರು ಹತ್ತು ಸಾವಿರಕ್ಕೆ ಒಂದು ಎಂಬ ಅಂದಾಜು ಸಿಕ್ಕಿದ್ದು ಆಮೇಲೆ.

ಇದರ ಫಲ ಮುಂದಿನ ಲಸಿಕೆಗಳಲ್ಲಿ ಕಂಡಿತು. ರೋಟಾಟೆಕ್, ರೋಟಾರಿಕ್ಸ್ ಎರಡನ್ನೂ ಒಪ್ಪಿಗೆಗೆ ಮೊದಲು ತಲಾ 60,000ಕ್ಕೂ ಹೆಚ್ಚು ಶಿಶುಗಳ ಪ್ರಯೋಗದಲ್ಲಿ ಪರೀಕ್ಷಿಸಬೇಕಾಯಿತು. ಭಾರತ 2016ರಲ್ಲಿ ಸ್ವದೇಶಿ ರೋಟಾವ್ಯಾಕ್ ಅನ್ನು ರಾಷ್ಟ್ರೀಯ ಲಸಿಕೆ ಕಾರ್ಯಕ್ರಮಕ್ಕೆ ತಂದಾಗ ಹಲವು ರಾಜ್ಯಗಳ ಆಯ್ದ ಆಸ್ಪತ್ರೆಗಳು ಕರುಳು ಸಿಕ್ಕಿಕೊಂಡ ಪ್ರತಿ ಮಗುವನ್ನೂ ದಾಖಲು ಮಾಡಿಕೊಂಡವು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಆ ಅಧ್ಯಯನದಲ್ಲಿ ಕಾಣಲಿಲ್ಲ.

ನಮ್ಮ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲಿ ಈ ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಕರ್ನಾಟಕದ ಹಲವು ಕಾಲೇಜುಗಳಲ್ಲಿ ಅಡ್ಡಪರಿಣಾಮ ನಿಗಾ ಕೇಂದ್ರಗಳಿವೆ. ಮೈಸೂರಿನ ಜೆಎಸ್‌ಎಸ್ ಇತರರಿಗೆ ತರಬೇತಿಯನ್ನೂ ಕೊಡುತ್ತದೆ. ವಾರ್ಡಿನ ರೌಂಡ್ಸ್‌ನಲ್ಲಿ ಕೇಸ್‌ಶೀಟ್ ತಿರುವುವ ಫಾರ್ಮಸಿಸ್ಟ್‌ಗೆ ಒಬ್ಬ ಅಜ್ಜಿಯ ಒಣಕೆಮ್ಮು ಕಣ್ಣಿಗೆ ಬೀಳುತ್ತದೆ ಎನ್ನಿ. ಎರಡು ತಿಂಗಳಿಂದ ಕೆಮ್ಮು, ಮೂರು ಬಗೆಯ ಸಿರಪ್ ಆಗಿದೆ, ಎಕ್ಸ್‌ರೇ ಶುದ್ಧವಾಗಿದೆ. ‘ಬಿಪಿ ಮಾತ್ರೆ ಯಾವಾಗ ಬದಲಾಯಿಸಿದ್ರು ಅಜ್ಜಿ?’ ಎಂದು ಕೇಳಿದರೆ ರಾಮಿಪ್ರಿಲ್ ಶುರುವಾದ ಕೆಲವು ವಾರಕ್ಕೇ ಕೆಮ್ಮು ಹತ್ತಿದ್ದು ಹೊರಬರುತ್ತದೆ. ರಾಮಿಪ್ರಿಲ್, ಎನಾಲಾಪ್ರಿಲ್ ಗುಂಪಿನ ಮಾತ್ರೆಗಳಿಂದ ಇಂಥ ಕೆಮ್ಮು ಬರುವುದು ತಿಳಿದದ್ದೇ. ವೈದ್ಯರು ಮಾತ್ರೆ ಬದಲಿಸುತ್ತಾರೆ, ಕೆಮ್ಮು ನಿಲ್ಲುತ್ತದೆ. ಔಷಧಕ್ಕೂ ತೊಂದರೆಗೂ ನಡುವಿನ ಕಾಲಾಂತರ ಹೊಂದುತ್ತದೆಯೇ, ನಿಲ್ಲಿಸಿದರೆ ಇಳಿಯಿತೇ, ಮತ್ತೆ ಕೊಟ್ಟಾಗ ಮರುಕಳಿಸಿತೇ, ಬೇರೆ ಕಾಯಿಲೆ ಕಾರಣವಿರಬಹುದೇ ಎಂಬ ಪ್ರಶ್ನೆಗಳ ಮೇಲೆ ಪ್ರತಿ ವರದಿಗೂ ‘ಖಚಿತ’, ‘ಬಹುತೇಕ’, ‘ಇರಬಹುದು’, ‘ಅಸಂಭವ’ ಎಂಬಂಥ ದರ್ಜೆ ಬೀಳುತ್ತದೆ.

ಲಸಿಕೆಯಲ್ಲಿ ಇನ್ನೊಂದು ತೊಡಕಿದೆ. ಅದನ್ನು ಹಾಕಿಸಿಕೊಳ್ಳುವವರು ಆರೋಗ್ಯವಂತರು, ಬಹುಪಾಲು ಮಕ್ಕಳು. ಲಕ್ಷಾಂತರ ಕೂಸುಗಳಿಗೆ ಒಂದೇ ವಾರ ಲಸಿಕೆ ಬಿದ್ದರೆ ಅವರಲ್ಲಿ ಕೆಲವರು ಬೇರೆ ಕಾರಣಕ್ಕೆ ಕಾಯಿಲೆ ಬೀಳುತ್ತಾರೆ, ಸಾಯುತ್ತಲೂ ಇರುತ್ತಾರೆ. ಹಾಗಾಗಿ ಲಸಿಕೆಯ ಬಳಿಕ ಆದ ಪ್ರತಿ ಗಂಭೀರ ಘಟನೆಯನ್ನೂ ಜಿಲ್ಲೆ, ರಾಜ್ಯ, ಕೇಂದ್ರದ ಸಮಿತಿಗಳು ಐದು ಪ್ರಶ್ನೆಯಿಟ್ಟು ಜರಡಿ ಹಿಡಿಯುತ್ತವೆ. ಲಸಿಕೆಯ ಗುಣದಿಂದಲೇ ಆದದ್ದೇ? ತಯಾರಿಕೆಯ ದೋಷವೇ? ಕೊಡುವಾಗ ಆದ ತಪ್ಪೇ? ಸೂಜಿಯ ಭಯಕ್ಕೆ ತಲೆ ಸುತ್ತಿ ಬಿದ್ದದ್ದೇ? ಇಲ್ಲ, ಕಾಕತಾಳೀಯವೇ?

2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ–ರುಬೆಲ್ಲಾ ಲಸಿಕೆ ಪಡೆದ ಮೂರು ಹಸುಳೆಗಳು ತೀರಿಕೊಂಡಾಗ ಮೊದಲ ವರದಿಗಳು ಬೊಟ್ಟು ಮಾಡಿದ್ದು ಮೂರನೆಯ ಪ್ರಶ್ನೆಯತ್ತ, ಅಂದರೆ ಲಸಿಕೆಯನ್ನು ಇಟ್ಟುಕೊಂಡು ಬಳಸಿದ ರೀತಿಯತ್ತ. ಈ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ಜೊತೆಗೆ ಬಂದ ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಪೆಂಟಾವೇಲೆಂಟ್‌ನಂಥ ಕೆಲವು ಲಸಿಕೆಗಳ ತೆರೆದ ಬಾಟಲಿಯನ್ನು ನಿಯಮ ಪಾಲಿಸಿ ನಾಲ್ಕು ವಾರ ಇಟ್ಟು ಬಳಸಬಹುದು, ಇದನ್ನು ಹಾಗೆ ಬಳಸುವಂತಿಲ್ಲ. ಕೆಡದಂತೆ ಕಾಯುವ ರಾಸಾಯನಿಕ ಇದರಲ್ಲಿಲ್ಲ. ತಪ್ಪಿ ಒಳಸೇರಿದ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಅದಕ್ಕೇ ಎಎನ್‌ಎಂ ಸಿಸ್ಟರ್ ಬಾಟಲಿ ತೆರೆದ ಕೂಡಲೇ ಲೇಬಲ್ ಮೇಲೆ ಗಂಟೆ ಬರೆಯಬೇಕು. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕೂತಿರಿ ಎನ್ನುವುದು ಬೇರೆ ಕಾರಣಕ್ಕೆ. ಉಸಿರು ಕಟ್ಟಿಸುವ ತೀವ್ರ ಅಲರ್ಜಿ ಸಾಮಾನ್ಯವಾಗಿ ಅಷ್ಟರೊಳಗೇ ಕಾಣಿಸುತ್ತದೆ, ಅದಕ್ಕೆ ಬೇಕಾದ ಅಡ್ರಿನಲಿನ್ ಚುಚ್ಚುಮದ್ದು ಸಿಸ್ಟರ್ ಬಳಿಯೇ ಇರುತ್ತದೆ.

ಬಿಡಿ ಘಟನೆಗಳನ್ನು ಕೂಡಿಸಿದ ಮಾತ್ರಕ್ಕೆ ಉತ್ತರ ಸಿಗುವುದಿಲ್ಲ, ಎಷ್ಟು ಜನರಲ್ಲಿ ಎಷ್ಟು ಎಂದು ನೋಡಬೇಕು. ಕೋವಿಶೀಲ್ಡ್ ವಿಷಯದಲ್ಲಿ ಈ ಎರಡೂ ಮುಖ ಕಂಡವು. ರಕ್ತ ಹೆಪ್ಪುಗಟ್ಟುವ ಅಪರೂಪದ ತೊಂದರೆಯನ್ನು ಯುರೋಪಿನ ನಿಯಂತ್ರಕರು 2021ರ ಏಪ್ರಿಲ್‌ನಲ್ಲೇ ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಿದ್ದರು. ಮೇ ತಿಂಗಳಲ್ಲಿ ಭಾರತದ ಸಮಿತಿ 498 ಗಂಭೀರ ಪ್ರಕರಣ ಪರಿಶೀಲಿಸಿ, 26ರಲ್ಲಿ ಇದರ ಸಾಧ್ಯತೆ ಇದೆ, ಹತ್ತು ಲಕ್ಷ ಡೋಸಿಗೆ 0.61ರಂತೆ ಎಂದು ಹೇಳಿತು. ಲಸಿಕೆಯ ನಂತರ 20 ದಿನ ಉಸಿರಾಟದ ತೊಂದರೆ, ಎದೆನೋವು, ತೀವ್ರ ತಲೆನೋವಿನ ಬಗ್ಗೆ ಎಚ್ಚರವಿರಲಿ ಎಂದೂ ತಿಳಿಸಿತು. ಮೂರು ವರ್ಷದ ಮೇಲೆ, ಬ್ರಿಟನ್ನಿನ ನ್ಯಾಯಾಲಯಕ್ಕೆ ಕಂಪನಿ ಸಲ್ಲಿಸಿದ ಹೇಳಿಕೆ ಸುದ್ದಿಯಾದಾಗ ಇದೇ ಸಂಗತಿ ಹೊಸ ಗುಟ್ಟು ಎಂಬಂತೆ ಹಬ್ಬಿತು.

2025ರ ಮಧ್ಯಭಾಗದಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಸಾಲುಸಾಲಾಗಿ ಬಂದಾಗ ಅನುಮಾನ ಮತ್ತೆ ಕೋವಿಡ್ ಲಸಿಕೆಯ ಮೇಲೆ ಹೋಯಿತು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ, ಸಂಸ್ಥೆಗೆ ದಾಖಲಾದ 45 ವರ್ಷದೊಳಗಿನ 251 ಹೃದ್ರೋಗಿಗಳನ್ನು ಪರಿಶೀಲಿಸಿತು. ಲಸಿಕೆಗೂ ಅಕಾಲಿಕ ಹೃದ್ರೋಗಕ್ಕೂ ನಂಟು ಕಾಣಲಿಲ್ಲ. ಐಸಿಎಂಆರ್ ಇದಕ್ಕೂ ಮೊದಲು 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ, ಹಠಾತ್ತನೆ ಸತ್ತ 729 ಯುವಜನರನ್ನು ಅದೇ ಪ್ರಾಯದ ಇತರ 2,916 ಮಂದಿಯೊಂದಿಗೆ ಹೋಲಿಸಿ ನೋಡಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ಮಿತಿಮೀರಿ ಕುಡಿದದ್ದು ಅಪಾಯ ಹೆಚ್ಚಿಸಿದ್ದವು.

ಹೋಲಿಸಲು ಮೊದಲು ವರದಿ ಬೇಕು, ಕೊರತೆ ಇರುವುದೇ ಅಲ್ಲಿ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ಒಂದು ವಿಮರ್ಶೆಯ ಪ್ರಕಾರ, ನೂರು ಅಡ್ಡಪರಿಣಾಮಗಳಲ್ಲಿ ಸುಮಾರು 94 ವರದಿಯಾಗುವುದೇ ಇಲ್ಲ. ವೈದ್ಯರಿಗೆ ಪುರುಸೊತ್ತಿಲ್ಲ, ತಪ್ಪು ತಮ್ಮ ತಲೆಗೆ ಬಂದೀತೆಂಬ ಅಳುಕೂ ಇದೆ. ವರದಿ ಮಾಡಿದರೆ ತಪ್ಪೊಪ್ಪಿಕೊಂಡಂತಲ್ಲ, ರೋಗಿಯ ಹೆಸರಿನ ಮೊದಲಕ್ಷರ ಬರೆದರೆ ಸಾಕು, ವಿವರಗಳು ಗುಟ್ಟಾಗಿರುತ್ತವೆ.

ರೋಗಿಗಳೂ ಗಾಜಿಯಾಬಾದಿನ ಕಮಿಷನ್‌ಗೆ ನೇರವಾಗಿ ತಿಳಿಸಬಹುದು. ಗ್ರಾಹಕರ ನಮೂನೆ ಕನ್ನಡದಲ್ಲೂ ಇದೆ. 1800-180-3024 ಸಂಖ್ಯೆಗೆ ಕೆಲಸದ ದಿನಗಳಲ್ಲಿ ಉಚಿತವಾಗಿ ಕರೆ ಮಾಡಬಹುದು. ಏನು ತಿಂದಿರಿ, ಯಾವಾಗ ಶುರುವಾಯಿತು, ಏನಾಯಿತು, ಜೊತೆಗೆ ಬೇರೆ ಯಾವ ಔಷಧ ಇತ್ತು ಎಂಬಷ್ಟು ಸಾಕು. ನಾಟಿ ಔಷಧವಿದ್ದರೆ ಅದನ್ನೂ ಹೇಳಿ. ಆದರೆ ಅನುಮಾನ ಬಂತೆಂದು ಬಿಪಿ, ಮೂರ್ಛೆರೋಗದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಬ್ಯಾಚ್ ಸಂಖ್ಯೆ ಸಿಕ್ಕರೆ ಇನ್ನೂ ಒಳ್ಳೆಯದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸರಣಿ ಸಾವು ಸಂಭವಿಸಿದಾಗ ಅನುಮಾನ ಹೋದದ್ದು ಡ್ರಿಪ್‌ನಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ; ರಾಜ್ಯ ಸರ್ಕಾರ ಆ ಪೂರೈಕೆದಾರರ ದ್ರಾವಣದ ಬಳಕೆ ನಿಲ್ಲಿಸಿತು. ಇಂಥ ಹೊತ್ತಿನಲ್ಲಿ ಯಾವ ಬ್ಯಾಚು ಎಲ್ಲಿಗೆ ಹೋಗಿದೆ ಎಂದು ಬೇಗ ತಿಳಿಯಬೇಕಾಗುತ್ತದೆ. ಅಂಗಡಿಯಲ್ಲಿ ಸ್ಟ್ರಿಪ್ಪಿನಿಂದ ನಾಲ್ಕೇ ಮಾತ್ರೆ ಕತ್ತರಿಸಿಕೊಟ್ಟಾಗ ಸಂಖ್ಯೆ ಅಚ್ಚಾದ ತುದಿ ಹೆಚ್ಚಾಗಿ ಅಲ್ಲೇ ಉಳಿಯುತ್ತದೆ. ಬಿಲ್ ಕೇಳಿ ಪಡೆದರೆ ಅದರಲ್ಲಿ ಬ್ಯಾಚ್ ಸಂಖ್ಯೆ ನಮೂದಾಗಿರುತ್ತದೆ. ಔಷಧ ಮುಗಿದ ಮೇಲೂ ಎರಡು ತಿಂಗಳು ಅದನ್ನು ಎತ್ತಿಡಬಹುದು.