ಸೆರಾಡೋದ ಹುಲ್ಲುಗಾವಲಿಗೆ ಸಾರಜನಕ

ಬ್ರೆಜಿಲ್‌ನ ಸೆರಾಡೋ ಪ್ರದೇಶದಲ್ಲಿ ಹೆಚ್ಚಿನ ಮಣ್ಣು ಕೆಂಪು, ಹುಳಿ, ಬಡಕಲು. ಅಲ್ಲಿನ ದನಗಳಿಗೆ ಮುಖ್ಯ ಮೇವು ಆಫ್ರಿಕಾ ಮೂಲದ ಬ್ರಾಕಿಯಾರಿಯಾ ಹುಲ್ಲು. ಅದರ ಮರಾಂಡು ತಳಿಯನ್ನು ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ 1984ರಲ್ಲಿ ಬಿಡುಗಡೆ ಮಾಡಿತು. ಮೊದಲ ಕೆಲವು ವರ್ಷ ಹುಲುಸಾಗಿ ಬೆಳೆಯುವ ಈ ಹುಲ್ಲು, ಗೊಬ್ಬರವಿಲ್ಲದೆ ಮೇಯಿಸುತ್ತಲೇ ಹೋದರೆ ಸೊರಗುತ್ತದೆ. ಅದಕ್ಕೆ ದೊಡ್ಡ ಕಾರಣ ಸಾರಜನಕದ ಕೊರತೆ.

ಸಾರಜನಕ ಸಿಕ್ಕರೆ ಬುಡದಿಂದ ಹೆಚ್ಚು ಮರಿಗಳು ಒಡೆಯುತ್ತವೆ, ಎಲೆಗಳು ಬೇಗ ನೀಳವಾಗುತ್ತವೆ, ಮೇವಿನಲ್ಲಿ ಪ್ರೋಟೀನ್ ಏರುತ್ತದೆ. ಮೇಯ್ದ ಜಾಗ ಮತ್ತೆ ಚಿಗುರಲು ಬೇಕಾದ ದಿನಗಳೂ ಕಡಿಮೆಯಾಗುತ್ತವೆ. ಆದರೆ ಬೆಳೆದದ್ದನ್ನು ಹೊತ್ತಿಗೆ ಸರಿಯಾಗಿ ಮೇಯಿಸಲೇಬೇಕು. ತಡವಾದರೆ ಕಾಂಡ ಬಲಿತು, ಕೆಳಗಿನ ಎಲೆಗಳು ನೆರಳಿನಲ್ಲಿ ಒಣಗುತ್ತವೆ. ದನಗಳ ಸಂಖ್ಯೆ ಹೆಚ್ಚಿಸದೆ ಗೊಬ್ಬರವನ್ನಷ್ಟೇ ಹೆಚ್ಚಿಸುವುದು ರೈತನಿಗೆ ಶುದ್ಧ ನಷ್ಟ.

ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕವಿದೆ. ಬಿಸಿ ನೆಲಕ್ಕೆ ಎರಚಿದ ಮೇಲೆ ಸಾಕಷ್ಟು ಮಳೆ ಬೀಳದಿದ್ದರೆ ಅದರ ಒಂದು ಪಾಲು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕಂತು ಕಂತಾಗಿ ಹಾಕುವುದು ಲೇಸು. ಒಣ ಹಂಗಾಮಿನಲ್ಲಿ ನೀರಿಲ್ಲದ ಹುಲ್ಲಿಗೆ ಅದು ದಕ್ಕದು. ರಂಜಕ, ಗಂಧಕಗಳ ಕೊರತೆಯಿದ್ದರೂ ಸಾರಜನಕದ ಪೂರ್ಣ ಫಲ ಸಿಗದು.

ದನ ತಿಂದ ಸಾರಜನಕದ ಬಹುಪಾಲು ಸಗಣಿ, ಗಂಜಲದಲ್ಲಿ ನೆಲಕ್ಕೆ ಮರಳುತ್ತದೆ. ಅದು ಸಮನಾಗಿ ಹರಡದೆ ಮರದ ನೆರಳು, ನೀರಿನ ತೊಟ್ಟಿಗಳ ಸುತ್ತ ಹೆಚ್ಚು ಬೀಳುವುದೇ ತೊಡಕು. ಗಂಜಲ ಬಿದ್ದಲ್ಲಿ ನೈಟ್ರಸ್ ಆಕ್ಸೈಡ್ ಎಂಬ, ವಾತಾವರಣ ಬಿಸಿಮಾಡುವ ಅನಿಲವೂ ಹೊಮ್ಮುತ್ತದೆ. ಗೊಬ್ಬರ ಕೊಳ್ಳಲಾಗದ ರೈತರಿಗೆ ಇನ್ನೊಂದು ದಾರಿಯಿದೆ: ಹುಲ್ಲಿನ ಜೊತೆ ಸ್ಟೈಲೋದಂಥ ದ್ವಿದಳ ಮೇವು. ಅದರ ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತದೆ. ಆದರೆ ಮೇಯಿಸುವುದು ಅತಿಯಾದರೆ ಈ ದ್ವಿದಳ ಮೇವು ಹುಲ್ಲುಗಾವಲಿನಲ್ಲಿ ಉಳಿಯುವುದು ಕಷ್ಟ.