ಬೋಲ್ಟಿಗೊಂದು ಲಗಾಮು

ಮೋಟರ್‌ಸೈಕಲ್ಲಿನ ಆಯಿಲ್ ಇಳಿಸುವ ಡ್ರೈನ್ ಬೋಲ್ಟು ಇರುವುದು ಎಂಜಿನ್ನಿನ ತಳದಲ್ಲಿ, ಹಿಂದಿನ ಚಕ್ರಕ್ಕಿಂತ ತುಸು ಮುಂದೆ. ದಿನನಿತ್ಯ ಓಡಿಸುವ ಗಾಡಿಯಲ್ಲಿ ಅದು ಸಡಿಲವಾದರೆ ಮನೆ ಮುಂದೆ ಕಪ್ಪು ಕಲೆ ಬೀಳುತ್ತದೆ, ಮೆಕ್ಯಾನಿಕ್ಕಿಗೆ ಫೋನು ಹೋಗುತ್ತದೆ, ಅಷ್ಟೆ. ರೇಸ್ ಟ್ರ್ಯಾಕಿನಲ್ಲಿ ಕಳಚಿಬಿದ್ದರೆ ಕಥೆಯೇ ಬೇರೆ. ಕಾದ ಎಣ್ಣೆ ಮೊದಲು ಅದೇ ಗಾಡಿಯ ಹಿಂದಿನ ಟೈರಿಗೆ ಎರಚುತ್ತದೆ, ಆಮೇಲೆ ಹಿಂದಿನವರೆಲ್ಲ ಹಾಯಬೇಕಾದ ದಾರಿಯುದ್ದಕ್ಕೂ ಚೆಲ್ಲುತ್ತದೆ. ತಿರುವಿನಲ್ಲಿ ಮೊಣಕಾಲು ನೆಲಕ್ಕೆ ತಾಗುವಷ್ಟು ವಾಲಿ ಬರುತ್ತಿರುವವನಿಗೆ ಎಣ್ಣೆ ಕಂಡರೂ ಮಾಡುವುದೇನೂ ಉಳಿದಿರುವುದಿಲ್ಲ. ಕೆಂಪು ಬಾವುಟ ಬೀಸಿ, ರೇಸು ನಿಲ್ಲಿಸಿ, ಎಣ್ಣೆ ಹೀರುವ ಪುಡಿ ಚೆಲ್ಲಿ ಗುಡಿಸಬೇಕು.

ಇಷ್ಟೆಲ್ಲ ರಾದ್ಧಾಂತಕ್ಕೆ ಮದ್ದು ಸುಮಾರು 0.8 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಂತಿ. ಸೇಫ್ಟಿ ವೈರ್ ಅಂತಲೂ ಲಾಕ್ ವೈರ್ ಅಂತಲೂ ಕರೆಯುತ್ತಾರೆ. ಡ್ರೈನ್ ಬೋಲ್ಟುಗಳಿಗೆಲ್ಲ ತಂತಿ ಬಿಗಿದಿರಬೇಕು, ಹೊರಗಿರುವ ಆಯಿಲ್ ಫಿಲ್ಟರಿಗೂ ಆಯಿಲ್ ಹರಿಯುವ ಜಾಗಕ್ಕೆ ಇಳಿಯುವ ಬೋಲ್ಟುಗಳಿಗೂ ಬಿಗಿದಿರಬೇಕು ಎಂಬುದು ಜಾಗತಿಕ ಮೋಟರ್‌ಸೈಕಲ್ ಒಕ್ಕೂಟ ಎಫ್‌ಐಎಂನ ರೋಡ್ ರೇಸಿಂಗ್ ನಿಯಮ. ರೇಸಿಗೆ ಮುಂಚೆ ತಪಾಸಣೆ ಮಾಡುವವರು ಟಾರ್ಚು ಹಿಡಿದು ಗಾಡಿಯ ಅಡಿ ಬಗ್ಗುವುದು ಇದಕ್ಕೇ.

ಈ ವಿದ್ಯೆ ಬಂದದ್ದು ವಿಮಾನದ ಹ್ಯಾಂಗರಿನಿಂದ. ಗಾಳಿಯಲ್ಲಿ ನಟ್ಟು ಉದುರಿದರೆ ಗಾಡಿ ಪಕ್ಕಕ್ಕೆ ಹಾಕಿ ನೋಡುವ ಅವಕಾಶವಿಲ್ಲ. ಹಾಗಾಗಿ ವಿಮಾನ ದುರಸ್ತಿ ಕಲಿಯುವವರಿಗೆ ತಂತಿ ಬಿಗಿಯುವುದು ಆರಂಭದ ಪಾಠಗಳಲ್ಲಿ ಒಂದು. 1940ರಲ್ಲಿ ಶುರುವಾದ ಎಚ್‌ಎಎಲ್‌ನಿಂದಾಗಿ ವಿಮಾನದ ಕೆಲಸ ಬಲ್ಲ ಕೈಗಳು ಬೆಂಗಳೂರಿಗೆ ಹೊಸತಲ್ಲ. ಲಾಕ್ ವೈರ್ ಅಂದರೆ ಬೈಕ್ ಶೋಕಿಯವರಿಗಿಂತ ಬೇಗ ಅವರಿಗೇ ಅರ್ಥವಾದೀತು.

ಇನ್ನು, ಸರಿಯಾಗಿ ಬಿಗಿದ ಬೋಲ್ಟು ತಾನಾಗಿ ಬಿಚ್ಚಿಕೊಳ್ಳುವುದಾದರೂ ಹೇಗೆ? ಅಲುಗಾಟದಿಂದ ಎನ್ನುವುದು ಎಲ್ಲರಿಗೂ ಗೊತ್ತು. ಎಂಥ ಅಲುಗಾಟ ಎಂದು ತೋರಿಸಿಕೊಟ್ಟವರು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್. ಬೋಲ್ಟಿನ ಉದ್ದಕ್ಕೆ ಬೀಳುವ ಎಳೆತಕ್ಕಿಂತ, ಅಡ್ಡಕ್ಕೆ ಬೀಳುವ ನೂಕಾಟವೇ ಅದನ್ನು ಹೆಚ್ಚು ಸಡಿಲಿಸುತ್ತದೆ ಎಂದು 1969ರಲ್ಲಿ ಅವರು ಪ್ರಕಟಿಸಿದರು. ಬಿಗಿದ ಎರಡು ಭಾಗಗಳು ಪಕ್ಕಕ್ಕೆ ಒಂದಿಷ್ಟು ಜಾರಿದಾಗ ಥ್ರೆಡ್ಡುಗಳ ನಡುವಿನ ಹಿಡಿತ ಕ್ಷಣಕಾಲ ಇಲ್ಲವಾಗುತ್ತದೆ, ಆ ಕ್ಷಣದಲ್ಲಿ ಬೋಲ್ಟು ಕೂದಲೆಳೆಯಷ್ಟು ಹಿಂದಕ್ಕೆ ತಿರುಗುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಎಂಜಿನ್ನಿನಲ್ಲಿ ಇಂಥ ಕ್ಷಣಗಳಿಗೆ ಬರವಿಲ್ಲ. ಡ್ರೈನ್ ಬೋಲ್ಟಿನ ವಿಷಯದಲ್ಲಿ ಇನ್ನೂ ಸರಳವಾದ ಕಾರಣವೊಂದಿದೆ: ಆಯಿಲ್ ಬದಲಿಸಿದವರು ಕೈಯಲ್ಲಿ ತಿರುಗಿಸಿಟ್ಟು, ಸ್ಪ್ಯಾನರ್ ಹಾಕುವುದನ್ನು ಮರೆತಿರುತ್ತಾರೆ.

ತಂತಿ ಬೋಲ್ಟನ್ನು ಬಿಗಿ ಮಾಡುವುದಿಲ್ಲ, ಬಿಗಿಯನ್ನು ಕಾಯುವುದೂ ಇಲ್ಲ. ಹೊಸಬರು ಎಡವುವುದು ಇಲ್ಲೇ. ಟಾರ್ಕ್ ರೆಂಚಿನಲ್ಲಿ ಲೆಕ್ಕ ಪ್ರಕಾರ ಬಿಗಿದ ಮೇಲೆ, ಅದು ಬಿಚ್ಚುವ ಕಡೆಗೆ ತಿರುಗದಂತೆ ಹಿಡಿದುಕೊಳ್ಳುವುದಷ್ಟೇ ತಂತಿಯ ಕೆಲಸ. ಸಡಿಲ ಬೋಲ್ಟಿಗೆ ಚೆಂದವಾಗಿ ತಂತಿ ಸುತ್ತಿದರೆ ಅದು ಸಡಿಲ ಬೋಲ್ಟೇ, ನೋಡುವವರಿಗೆ ಮೋಸ ಬೇರೆ.

ಕೆಲಸದ ಕಷ್ಟವೆಲ್ಲ ತೂತು ಕೊರೆಯುವುದರಲ್ಲಿದೆ. ಬೋಲ್ಟಿನ ಆರು ಮೂಲೆಯ ತಲೆಗೆ ಒಂದೂವರೆ ಮಿ.ಮೀ.ನ ಡ್ರಿಲ್ ಬಿಟ್ಟು ಇಳಿಸಬೇಕು. ಬೋಲ್ಟು ಗಟ್ಟಿ ಉಕ್ಕು, ಬಿಟ್ಟು ಕಡ್ಡಿಯಷ್ಟು ಸಪೂರ. ವೈಸಿನಲ್ಲಿ ಬಿಗಿಯಾಗಿ ಕಚ್ಚಿಸಿ, ಎಣ್ಣೆ ಬಿಡುತ್ತಾ, ನಿಧಾನ ವೇಗದಲ್ಲಿ ಕೊರೆಯದಿದ್ದರೆ ಬಿಟ್ಟು ಪಟ್ಟನೆ ಮುರಿಯುತ್ತದೆ, ಮುರಿದ ತುಂಡು ತೂತಿನಲ್ಲೇ ಕೂರುತ್ತದೆ. ಮೊದಲ ಬೋಲ್ಟು ಮುಗಿಯುವಷ್ಟರಲ್ಲಿ ಮೂರ್ನಾಲ್ಕು ಬಿಟ್ಟು ಕಳೆದುಕೊಂಡವರು ಗ್ಯಾರೇಜಿಗೊಬ್ಬರಾದರೂ ಸಿಗುತ್ತಾರೆ.

ತೂತಾದ ಮೇಲೆ ಕೈಚಳಕ. ತಂತಿಯನ್ನು ತೂರಿಸಿ, ಎರಡು ಎಳೆಯಾಗಿ ಮಡಚಿ, ಹುರಿ ಹಾಕುತ್ತಾ ಹೋಗಬೇಕು. 0.8 ಮಿ.ಮೀ. ತಂತಿಗೆ ಒಂದು ಇಂಚಿಗೆ ಆರರಿಂದ ಎಂಟು ಸುತ್ತು. ಕಡಿಮೆಯಾದರೆ ಜೋಲುತ್ತದೆ, ಹೆಚ್ಚಾದರೆ ಪೆಡಸಾಗಿ ತುಂಡಾಗುತ್ತದೆ. ಇದಕ್ಕೆಂದೇ ಒಂದು ಇಕ್ಕಳ ಬರುತ್ತದೆ, ಅದರ ನಡುವಿನ ಗುಂಡಿ ಎಳೆದರೆ ಇಕ್ಕಳವೇ ಗಿರ್ರನೆ ತಿರುಗಿ ಹುರಿ ಹಾಕುತ್ತದೆ. ಮುಖ್ಯವಾದದ್ದು ದಿಕ್ಕು. ಸಾಮಾನ್ಯ ಬೋಲ್ಟು ಬಿಗಿಯಾಗುವುದು ಬಲಕ್ಕೆ ತಿರುಗಿದಾಗ, ತಂತಿಯೂ ಅದನ್ನು ಬಲಕ್ಕೇ ಜಗ್ಗಿ ಹಿಡಿದಿರಬೇಕು. ಅಕ್ಕಪಕ್ಕದ ಎರಡು ಬೋಲ್ಟುಗಳ ನಡುವೆ ತಂತಿ ಓರೆಯಾಗಿ ದಾಟುತ್ತದೆ. ಆಗ ಒಂದು ಬಿಚ್ಚಿಕೊಳ್ಳಬೇಕಾದರೆ ಇನ್ನೊಂದನ್ನು ಬಿಗಿ ಮಾಡಿಯೇ ಬಿಚ್ಚಿಕೊಳ್ಳಬೇಕು. ಕೊನೆಯ ಮೊನೆಯನ್ನು ಒಳಕ್ಕೆ ಮಡಚದಿದ್ದರೆ ಮುಂದಿನ ಸಲ ಕೈಯಿಟ್ಟವರ ಬೆರಳು ಸೀಳುತ್ತದೆ. ಒಮ್ಮೆ ಬಿಚ್ಚಿದ ತಂತಿಯನ್ನು ಮತ್ತೆ ಬಳಸುವುದಿಲ್ಲ.

ಡಬ್ಬಿಯಂಥ ಆಯಿಲ್ ಫಿಲ್ಟರಿಗೆ ತೂತು ಹೊಡೆಯುವಂತಿಲ್ಲ. ಅದರ ಸುತ್ತ ಹೋಸ್ ಕ್ಲಾಂಪ್ ಬಿಗಿದು, ಆ ಕ್ಲಾಂಪನ್ನು ಪಕ್ಕದ ಬೋಲ್ಟಿಗೆ ತಂತಿಯಿಂದ ಕಟ್ಟುತ್ತಾರೆ.

ಥ್ರೆಡ್ಡಿಗೆ ಹಚ್ಚುವ ಅಂಟು ಇರುವಾಗ ಇಷ್ಟು ಪಾಡೇಕೆ ಎಂದು ಕೇಳುವವರಿದ್ದಾರೆ. ಅಮೆರಿಕದ ಹಾರ್ಟ್‌ಫರ್ಡಿನ ರಸಾಯನಶಾಸ್ತ್ರದ ಪ್ರೊಫೆಸರ್ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ಲಾಕ್‌ಟೈಟ್ ಇಂದು ಎಲ್ಲ ಗ್ಯಾರೇಜುಗಳಲ್ಲೂ ಇದೆ, ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ಆದರೆ ಒಳಗೆ ಹಚ್ಚಿದ ಅಂಟು ಹೊರಗಿನವರಿಗೆ ಕಾಣುವುದಿಲ್ಲ. ತಂತಿ ಕಾಣುತ್ತದೆ. ಹಿಂದೆ ಬರುವ ಸವಾರನ ಜೀವ ಮುಂದಿನವನ ಬೋಲ್ಟಿನ ಮೇಲೆ ನಿಂತಿರುವಾಗ, ‘ಹಚ್ಚಿದ್ದೇನೆ’ ಎಂಬ ಬಾಯಿಮಾತಿಗಿಂತ ಕಣ್ಣಿಗೆ ಬೀಳುವ ಸಾಕ್ಷಿಯೇ ವಾಸಿ.

ಬೆಂಗಳೂರಿನ ಸವಾರರು ಗಾಡಿ ಹೇರಿಕೊಂಡು ಹೋಗುವ ಟ್ರ್ಯಾಕುಗಳಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯ 3.717 ಕಿ.ಮೀ. ಸುತ್ತು, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಮುಖ್ಯವಾದವು. ಮೊದಲ ಸಲ ಇಳಿಯುವವರು ಡ್ರೈನ್ ಬೋಲ್ಟು, ಆಯಿಲ್ ತುಂಬುವ ಮುಚ್ಚಳ, ಫಿಲ್ಟರು ಈ ಮೂರರಿಂದ ಶುರು ಮಾಡಬಹುದು. ಬ್ರೇಕ್ ಕ್ಯಾಲಿಪರ್ ಬೋಲ್ಟುಗಳಿಗೆ ಕಟ್ಟುವುದೂ ರೂಢಿಯಲ್ಲಿದೆ. ಮಣ್ಣಿನ ರೇಸಿನವರು ಹ್ಯಾಂಡಲ್ಲಿನ ರಬ್ಬರ್ ಹಿಡಿಕೆ ಕಿತ್ತು ಬರದಂತೆ ಅದಕ್ಕೂ ಇದೇ ತಂತಿ ಸುತ್ತುತ್ತಾರೆ. ಆಫೀಸಿಗೂ ಸಂತೆಗೂ ಓಡುವ ಗಾಡಿಗೆ ಇದರ ಹಂಗು ಬೇಡ, ಹೊಸ ವಾಷರು ಹಾಕಿ ಸರಿಯಾಗಿ ಬಿಗಿದರೆ ಸಾಕು. ಡ್ರಿಲ್ಲಿನ ಸಹವಾಸ ಬೇಡ ಎನ್ನುವ ಟ್ರ್ಯಾಕ್ ಪ್ರೇಮಿಗಳಿಗೆ ತೂತು ಕೊರೆದ ಸಿದ್ಧ ಬೋಲ್ಟುಗಳೇ ಮಾರಾಟಕ್ಕೆ ಸಿಗುತ್ತವೆ, ಕೊಳ್ಳುವಾಗ ಥ್ರೆಡ್ಡಿನ ಅಳತೆ ನೋಡಿಕೊಂಡರಾಯಿತು.